ಕುರ್ಚಿ ಒಲ್ಲದ ಮೊಣಕಾಲು

ಮೂವತ್ತೊಂದು ವರ್ಷದ ನೌಕರಿಯಲ್ಲಿ ನಾನು ಕೆಡಿಸಿದಷ್ಟು ಮೊಣಕಾಲುಗಳನ್ನು ಈ ಕಡೆ ಯಾವ ಸಂಧಿವಾತವೂ ಕೆಡಿಸಿರಲಿಕ್ಕಿಲ್ಲ. ಹೆದರಬೇಡಿ, ನಾನು ಡಾಕ್ಟರಲ್ಲ. ರೈಲ್ವೆಯಲ್ಲಿ ಗುಮಾಸ್ತ, ಹೆಸರು ಉದಯಕುಮಾರ. ಹಳಿ ಕಾಯುವ ಗ್ಯಾಂಗಿನ ಜನರ ರಜೆ, ಹಾಜರಿ, ಅರ್ಜಿ ಎಲ್ಲ ನನ್ನ ಮೇಜಿನ ಮೇಲೆಯೇ ಹಾದು ಹೋಗಬೇಕು. ಯಾವ ಸ್ಟೇಷನ್ನಿನ ಆಫೀಸು ಎಂದು ಮಾತ್ರ ಕೇಳಬೇಡಿ. ವಾಡಿಯಿಂದ ಸೇಡಂವರೆಗಿನ ಹಳಿಯ ಮೇಲೆ ಎಲ್ಲೋ ಒಂದು ಕಡೆ ಎಂದುಕೊಳ್ಳಿ. ನನ್ನ ಪೆನ್ಶನ್ ಇನ್ನೂ ಬರುವುದಿದೆ.

ಗ್ಯಾಂಗುಗಳಲ್ಲೆಲ್ಲ ನನ್ನ ಹೆಸರು ಓಡಾಡುವುದು ಒಂದೇ ಒಂದು ಅರ್ಜಿಯಿಂದ. "ಮೊಣಕಾಲಿನಲ್ಲಿ ವಿಪರೀತ ನೋವಿದ್ದು, ಮೆಟ್ಟಿಲು ಹತ್ತಲು, ಕುಕ್ಕರಗಾಲಿನಲ್ಲಿ ಕೂರಲು, ಜಲ್ಲಿಕಲ್ಲಿನ ಮೇಲೆ ನಡೆಯಲು ಅಸಾಧ್ಯವಾಗಿರುವುದರಿಂದ ದಯಮಾಡಿ ಹಗುರ ಕೆಲಸ ಕೊಡಬೇಕಾಗಿ ಪ್ರಾರ್ಥನೆ." ಇದನ್ನು ನಾನು ಇಪ್ಪತ್ತೊಂಬತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಕೂತು ಬರೆದೆ. ಅಂದಿನಿಂದ ಒಂದು ಅಕ್ಷರ ತಿದ್ದುವ ಪ್ರಸಂಗ ಬಂದಿಲ್ಲ. ಹೆಸರು ಬದಲಿಸಿದರೆ ಆಯಿತು, ಯಾರ ಕಾಲಿಗಾದರೂ ಸರಿಹೊಂದುತ್ತದೆ.

ಇದರಿಂದ ಅತಿ ಹೆಚ್ಚು ಸುಖಪಟ್ಟವನು ಸಾಬಣ್ಣ. ಹನ್ನೊಂದು ವರ್ಷದಿಂದ ಅವನು ಹಳಿಯ ಕಡೆ ತಲೆ ಹಾಕಿಲ್ಲ. ಆಫೀಸಿನ ಮುಂದಿನ ನಾಲ್ಕು ಕಣಗಿಲೆ ಗಿಡಕ್ಕೆ ಪೈಪು ಹಿಡಿಯುವುದು ಅವನ ಕೆಲಸ. ಸಾಹೇಬರ ಜೀಪು ಬಂದರೆ ಗೋಡೆ ಹಿಡಿದು ಕುಂಟುತ್ತಾನೆ. ಸೋಮವಾರ ಎಡಗಾಲು ಕುಂಟಿದರೆ ಮಂಗಳವಾರ ಬಲಗಾಲು. "ಯಾವ ಕಾಲಪ್ಪ ನಿಂದು?" ಎಂದು ಒಂದು ಸಲ ಕೇಳಿದ್ದಕ್ಕೆ, "ನೋವು ಅತ್ತಾಗ ಇತ್ತಾಗ ತಿರಗಾಡ್ತದ್ರಿ ಬಾಬೂಜಿ" ಎಂದ. ಭಾನುವಾರ ಮಾತ್ರ ಎರಡೂ ಕಾಲಿಗೆ ರಜೆ. ಅವತ್ತು ಕ್ವಾರ್ಟರ್ಸಿನ ಬಯಲಿನಲ್ಲಿ ವಾಲಿಬಾಲ್ ಆಡುತ್ತಾನೆ. ಒಳ್ಳೆ ಜಿಗಿತ ಇದೆ.

ಇಂಥ ಆಫೀಸಿನಲ್ಲಿ ಇಪ್ಪತ್ತಾರು ವರ್ಷ ನನ್ನಿಂದ ಒಂದೂ ಅರ್ಜಿ ಬರೆಸದೆ ಉಳಿದವನು ದಶರಥ. ಅವನು ಕೀಮನ್. ಕೀಮನ್ ಎಂದರೆ ದಿನಾ ಬೆಳಿಗ್ಗೆ ತನ್ನ ಪಾಲಿನ ಹಳಿಯನ್ನು ನಡೆದು ನೋಡುವವನು. ಹೆಗಲ ಮೇಲೆ ಸುತ್ತಿಗೆ ಮತ್ತು ನಟ್ಟು ಬಿಗಿಯುವ ಪಾನಾ, ಬಗಲಲ್ಲಿ ಒಂದು ಕೆಂಪು ಝಂಡಾ, ಒಂದು ಹಸಿರು ಝಂಡಾ. ಹಳಿಯನ್ನು ಹಿಡಿದಿಟ್ಟ ಕಬ್ಬಿಣದ ಕ್ಲಿಪ್ಪು ಸಡಿಲಾಗಿದ್ದರೆ ಬಡಿದು ಕೂರಿಸಬೇಕು. ಹಳಿ ಬಿರುಕು ಬಿಟ್ಟಿದ್ದರೆ ಕೆಂಪು ಝಂಡಾ ಹಿಡಿದು ಗಾಡಿ ನಿಲ್ಲಿಸಬೇಕು. ಹೋಗುತ್ತ ಏಳು ಕಿಲೋಮೀಟರು, ಬರುತ್ತ ಏಳು. ಕೆಳಗೆ ಜಲ್ಲಿ, ಮೇಲೆ ನಮ್ಮ ಕಡೆಯ ಬಿಸಿಲು. ಆ ಬಿಸಿಲಿನ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ.

ನಾವಿಬ್ಬರೂ ಒಂದೇ ಊರಿನವರು. ಚಿತ್ತಾಪುರ ದಾಟಿದ ಮೇಲೆ ಹಳಿಗೆ ಅಂಟಿಕೊಂಡಿರುವ ಸಣ್ಣ ಊರು. ನಮ್ಮ ಮನೆತನ ಹೊಳೆಯ ಕಡೆಯದು, ಅವರದು ಊರ ಹೊರಗಿನ ಓಣಿ, ಈಗ ಬೌದ್ಧರ ಓಣಿ. ದಶರಥನ ಪಾಲಿನ ಹಳಿ ನಮ್ಮೂರಿನ ಬೆನ್ನಿಗೇ ಹಾಯುತ್ತದೆ. ಊರಿನವನೆಂದು ನನಗೆ ಅವನ ಮೇಲೆ ಮೊದಲಿನಿಂದ ಪ್ರೀತಿ. ಆ ಪ್ರೀತಿಯೇ ಅವನಿಗೆ ಮುಳುವಾಯಿತು. ಅದನ್ನು ಹೇಳಲಿಕ್ಕೇ ಈ ಪುರಾಣ.

ಐವತ್ತು ದಾಟುವ ಹೊತ್ತಿಗೆ ಅವನ ಎಡಗಾಲು ಮೊಣಕಾಲಿನ ಹತ್ತಿರ ಹೊರಕ್ಕೆ ಬಾಗತೊಡಗಿತ್ತು. ಒಳಗೆ ಸವೆದಿತ್ತು, ರಾತ್ರಿ ಮಲಗಿದರೆ ಕುಟುಕುತ್ತಿತ್ತು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆಫೀಸಿನ ಮುಂದೆ ಹಾಯುವಾಗ ಅವನು ಹಲ್ಲು ಕಚ್ಚಿ ನೆಟ್ಟಗೆ ನಡೆಯುತ್ತಿದ್ದ. ಸಿಗ್ನಲ್ ದಾಟಿ ಮರೆಯಾದ ಮೇಲೆ ಹಳಿಯ ಮೇಲೆ ಕೂತು ಎರಡೂ ಕೈಯಲ್ಲಿ ಮೊಣಕಾಲು ಒತ್ತಿಕೊಳ್ಳುತ್ತಿದ್ದ. ನಮ್ಮ ಆಫೀಸಿನ ಚಂದವೇ ಹಾಗಿತ್ತು: ನೋವಿಲ್ಲದವರೆಲ್ಲ ಕುಂಟುತ್ತಿದ್ದರು, ನೋವಿದ್ದ ಒಬ್ಬನು ಮಾತ್ರ ಸೈನಿಕನ ಹಾಗೆ ನಡೆಯುತ್ತಿದ್ದ.

ಅವನನ್ನು ಹಿಡಿದವಳು ಮಗಳು ಲುಂಬಿನಿ. ಶಹಾಬಾದಿನಲ್ಲಿ ಹೈಸ್ಕೂಲು ಟೀಚರು. ಭಾನುವಾರ ಬುದ್ಧ ವಿಹಾರದಲ್ಲಿ ವಂದನೆಗೆ ಎಲ್ಲರೂ ಮೊಣಕಾಲೂರಿ ಕೂರುತ್ತಾರೆ. ದಶರಥ ಮಾತ್ರ ಮೂರು ತಿಂಗಳಿಂದ ಬಾಗಿಲ ಹೊರಗೆ ನಿಂತು ಚಪ್ಪಲಿ ಕಾಯುತ್ತಿದ್ದನಂತೆ.

"ಅಪ್ಪಾ, ನಮ್ಮ ವಿಹಾರದಾಗ ಇಲ್ಲೀತನ ಒಂದ ಚಪ್ಪಲಿನೂ ಕಳವಾಗಿಲ್ಲ. ನಿನಗ ಯಾರ್ ಕಾಯಾಕ ಹೇಳ್ಯಾರ?" ಎಂದು ಕೇಳಿದಳು. ಅವಳು ಅಲ್ಲಿಯೇ ಬಗ್ಗಿ ಅವನ ಪ್ಯಾಂಟು ಮೇಲೆತ್ತಿದಳು. ಮೊಣಕಾಲು ಬಾತುಕೊಂಡು ಸೀತಾಫಲದ ಗಾತ್ರ ಆಗಿತ್ತು.

ಮೊದಲು ತೋರಿಸಿದ ಡಾಕ್ಟರು ತಪ್ಪೇನೂ ಹೇಳಲಿಲ್ಲ. "ಮೊಣಕಾಲು ಬದಲಿಸೋಣ, ಆಮೇಲೆ ಕೂತು ಮಾಡುವ ಕೆಲಸ ನೋಡಿಕೊಳ್ಳಿ, ಜಲ್ಲಿ ಮೇಲೆ ಓಡಾಡುವುದು ಸಾಕು" ಎಂದರು. ಹಾಗೆ ಹೇಳಿಸಿಕೊಳ್ಳಲು ನಮ್ಮ ಗ್ಯಾಂಗಿನ ಜನ ಉಪವಾಸ ಬೇಕಾದರೂ ಇರುತ್ತಿದ್ದರು. ದಶರಥ ಮಾತ್ರ ಎದ್ದು ಮನೆಗೆ ಬಂದುಬಿಟ್ಟ. ಮರುದಿನ ಎಂದಿನಂತೆ ಸುತ್ತಿಗೆ ಹೊತ್ತು ಹೊರಟನಂತೆ.

ಲುಂಬಿನಿ ಫೋನಿನಲ್ಲಿ ಹುಡುಕಿ ಹುಡುಕಿ ಹೈದರಾಬಾದಿನಲ್ಲಿ ಒಬ್ಬ ಮೊಣಕಾಲು ಡಾಕ್ಟರನ್ನು ಪತ್ತೆ ಹಚ್ಚಿದಳು. ಓಡಾಡುವ ಜನರ ಸ್ವಂತ ಮೊಣಕಾಲನ್ನು ಆದಷ್ಟು ದಿನ ಉಳಿಸಿಕೊಡುವುದು ಅವರ ವಿದ್ಯೆ. ದವಾಖಾನೆಯ ಗೋಡೆಯ ತುಂಬ ಆಟಗಾರರ ಪಟ, ಒಬ್ಬ ಜಿಗಿಯುತ್ತಿದ್ದಾನೆ, ಒಬ್ಬ ಚೆಂಡು ಒದೆಯುತ್ತಿದ್ದಾನೆ. ಕೂತವರೆಲ್ಲ ಚಡ್ಡಿ ಹಾಕಿದ ಗಟ್ಟಿಮುಟ್ಟಾದ ಜನ. ಕೊಟ್ಟ ಫಾರಮ್ಮಿನಲ್ಲಿ ಮೊದಲ ಪ್ರಶ್ನೆ, ತಾವು ಯಾವ ಆಟ ಆಡುತ್ತೀರಿ. ಕೆಳಗೆ ಟೆನಿಸ್, ಬ್ಯಾಡ್ಮಿಂಟನ್, ಓಟ, ಬೆಟ್ಟ ಹತ್ತುವುದು, ಹೀಗೆ ಹನ್ನೆರಡು ಚೌಕ. ಲುಂಬಿನಿ ಎಲ್ಲಿಯೂ ಟಿಕ್ ಹಾಕಲಾರದೆ ಕೆಳಗೆ 'ನೌಕರಿ' ಎಂದು ಬರೆದಳು.

ಡಾಕ್ಟರು ಬೀದರ ಕಡೆಯವರು. ಫಾರಮ್ಮು ನೋಡಿ, "ನೌಕರಿ ಅಂದ್ರ ಏನ್ ಆಟರಿ?" ಎಂದರು.

"ಆಟ ಅಲ್ರಿ ಸಾಹೇಬ್ರ. ನಡೀತೀನಿ, ದಿನಾ ಹದಿನಾಕ ಕಿಲೋಮೀಟರ್."

"ಎಷ್ಟ ವರ್ಷದಿಂದ?"

"ಇಪ್ಪತ್ತಾರು."

ಡಾಕ್ಟರು ಪೆನ್ನು ತೆಗೆದು ಚೀಟಿಯ ಹಿಂದೆ ಗುಣಾಕಾರ ಮಾಡಿದರಂತೆ. ಲಕ್ಷ ಕಿಲೋಮೀಟರು ದಾಟಿತು. "ಯಜಮಾನ್ರ, ನೀವು ಭೂಮಿ ಸುತ್ತ ಎರಡೂವರೆ ಸುತ್ತ ನಡದೀರಿ. ಗ್ವಾಡಿ ಮ್ಯಾಲ ಇದ್ದವ್ರೆಲ್ಲ ಕೂಡಿದ್ರೂ ಇಷ್ಟ ನಡದಿಲ್ಲ" ಎಂದು ಅವನ ಬೆನ್ನು ತಟ್ಟಿದರು. ಆಮೇಲೆ ಎಕ್ಸ್‌ರೇ ತೋರಿಸಿದರು. ಮೊಣಕಾಲಿನ ಒಳಬದಿ ಸವೆದಿದೆ, ಹೊರಬದಿ ಹೊಸದರ ಹಾಗಿದೆ. ಕಾಲು ಬಾಗಿದ್ದರಿಂದ ಭಾರವೆಲ್ಲ ಸವೆದ ಕಡೆಗೇ ಬೀಳುತ್ತಿದೆ. ಮೊಣಕಾಲಿನ ಕೆಳಗಿನ ಎಲುಬನ್ನು ಒಂದು ಬದಿಯಿಂದ ಕೊಯ್ದು, ಸ್ವಲ್ಪ ಅಗಲಿಸಿ, ಪಟ್ಟಿ ಹಾಕಿ ಸ್ಕ್ರೂ ಬಿಗಿದರೆ ಕಾಲು ನೆಟ್ಟಗಾಗುತ್ತದೆ, ಭಾರ ಒಳ್ಳೆಯ ಕಡೆಗೆ ಹೋಗುತ್ತದೆ.

ದಶರಥ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದ. "ಅಂದ್ರ ಹಳಿ ಬದಲ್ ಮಾಡಂಗಿಲ್ಲ. ಕುಸದಿದ್ದ ಬಾಜೂಕ ಎತ್ತಿ, ಜಲ್ಲಿ ತುಂಬಿ ಲೆವೆಲ್ ಮಾಡೂದು. ಇದು ನಾವ್ ದಿನಾ ಮಾಡೂ ಕೆಲಸ ಅದರಿ ಸಾಹೇಬ್ರ. ಇದಕ್ಕ ನೀವು ಅಷ್ಟ ವರ್ಷ ಓದಿದ್ರೇನು?"

ಡಾಕ್ಟರು ನಕ್ಕು, ಒಂದು ಮಾತು ಗಟ್ಟಿಯಾಗಿ ಹೇಳಿ ಕಳಿಸಿದರು. ಆರು ವಾರ ಬಗಲಕೋಲು, ಆರು ತಿಂಗಳು ರಜೆ, ಅಷ್ಟರವರೆಗೆ ಕಸರತ್ತು ತಪ್ಪಿಸಬಾರದು. "ಆಮ್ಯಾಲ ನಡೀರಿ. ನೀವು ನಡೀಬೇಕಂತೇ ಇದು ಮಾಡಾಕತ್ತೀನಿ. ಕುಂದ್ರೂದಾದ್ರ ಇಷ್ಟ ತ್ರಾಸ ತಗೊಳ್ಳೂದ ಬ್ಯಾಡ."

ಆಪರೇಷನ್ನು ಚೆನ್ನಾಗಿ ಆಯಿತು. ಇಲ್ಲಿಯವರೆಗೆ ಕಥೆ ಸುಖವಾಗಿದೆ. ಇನ್ನು ಮುಂದೆ ನಾನು ಬರುತ್ತೇನೆ.

ರಜೆ ಮುಂದುವರಿಸುವ ಕಾಗದಗಳಿಗೆ ಸಹಿ ಬೇಕಿತ್ತು. ದಶರಥ ಬಗಲಕೋಲಿನ ಮೇಲಿದ್ದ, ನಾನೇ ಕ್ವಾರ್ಟರ್ಸಿಗೆ ಹೋದೆ. ಅವನ ಹೆಂಡತಿ ತುಳಜಾಬಾಯಿ ಚಹಾ ಕೊಟ್ಟಳು. ಐದಾರು ಕಾಗದಗಳ ಕೆಳಗೆ ನಾನು ನನ್ನ ಹಳೆಯ ಅರ್ಜಿಯನ್ನೂ ಸೇರಿಸಿಕೊಂಡು ಹೋಗಿದ್ದೆ. ಕೇಳಿದರೆ ಬೇಡ ಎನ್ನುತ್ತಾನೆ ಎಂದು ಗೊತ್ತಿತ್ತು. ಸಂಕೋಚದಿಂದ ಬೇಡ ಎನ್ನುತ್ತಾನೆ ಎಂದು ನಾನೇ ತೀರ್ಮಾನಿಸಿದ್ದೆ. ಅವನು ಓದಲಿಲ್ಲ. "ಎಲ್ಲಿ ಸಹಿ ಹಾಕ್ಲಿರಿ, ಇಲ್ಲೇನು?" ಎಂದು ಬೆರಳಿಟ್ಟ ಕಡೆಯೆಲ್ಲ ಸಹಿ ಮಾಡಿದ. ಊರಿನವನು ತಂದ ಕಾಗದ ಯಾರು ಓದುತ್ತಾರೆ?

ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಅರ್ಜಿಯ ಜೊತೆ ನಿಜವಾದ ಎಕ್ಸ್‌ರೇ ಲಗತ್ತಾಗಿತ್ತು. ಮೇಲಿನವರು ಆ ಸ್ಕ್ರೂಗಳನ್ನು ನೋಡಿ ಬೆಚ್ಚಿರಬೇಕು. ವರ್ಷಗಟ್ಟಲೆ ತಿರುಗುವ ಆದೇಶ ಮೂರೇ ವಾರದಲ್ಲಿ ಬಂತು. ದಶರಥನಿಗೆ ಕುರ್ಚಿ! ಪೈಪೂ ಅಲ್ಲ, ಗೇಟು ಕಾಯುವುದೂ ಅಲ್ಲ, ಫ್ಯಾನಿನ ಕೆಳಗೆ, ನನ್ನ ಪಕ್ಕದಲ್ಲಿ, ಹಳೆಯ ಕಡತಗಳ ಕೋಣೆಯ ಬೀಗ ನೋಡಿಕೊಳ್ಳುವ ಕೆಲಸ. ಆ ಕೋಣೆಗೆ ವರ್ಷಕ್ಕೆ ಎರಡು ಸಲ ಇಲಿ ಬರುತ್ತದೆ, ಮನುಷ್ಯರು ಅಷ್ಟೂ ಬರುವುದಿಲ್ಲ.

ಆರು ತಿಂಗಳು ಕಳೆದು ದಶರಥ ಬೂಟು ತಿಕ್ಕಿ ಹೊಳೆಯಿಸಿಕೊಂಡು ಬಂದ. ಕಾಲು ಹಳಿಯ ಹಾಗೆ ನೆಟ್ಟಗಿತ್ತು. ಕೈಯಲ್ಲಿ ಡಾಕ್ಟರ ಚೀಟಿ, ಎಂದಿನ ಕೆಲಸ ಪೂರ್ತಿ ಮಾಡಬಹುದು ಎಂದು. ನಾನು ಎದ್ದು ಅವನ ಮುಂದೆ ಆದೇಶ ಇಟ್ಟೆ. ಪೇಢೆ ತರಿಸುತ್ತಾನೆ ಎಂದುಕೊಂಡಿದ್ದೆ.

"ಇದು ಯಾರ್ ಬರದಾರ್ರಿ ಬಾಬೂಜಿ?"

"ಮತ್ಯಾರ್ ಬರೀತಾರ? ನಾನೇ. ನಮ್ಮೂರಾಂವ ನೀ. ಕುಂದ್ರು, ಇನ್ನ ಆರಾಮ ಕುಂದ್ರು."

ಅವನು ನನ್ನನ್ನು ಒಂದು ಗಳಿಗೆ ನೋಡಿದ. ಬೈದಿದ್ದರೆ ಚೆನ್ನಾಗಿತ್ತು. ಕೂತ. ಕುರ್ಚಿಯ ಎದುರಿಗೆ ಕಿಟಕಿ, ಕಿಟಕಿಯ ಆಚೆ ಹಳಿ. ಅವನ ಪಾಲಿನ ಹಳಿಯ ಮೇಲೆ ಬೇರೆಯವನು ಸುತ್ತಿಗೆ ಹೊತ್ತು ಹೋಗುವುದು ಅಲ್ಲಿಂದ ಸ್ಪಷ್ಟವಾಗಿ ಕಾಣುತ್ತಿತ್ತು.

ಅಭಿನಂದನೆಗೆ ಜನ ಸಾಲುಗಟ್ಟಿದರು. ಸಾಬಣ್ಣನ ಹೊಟ್ಟೆಯಲ್ಲಿ ಮಾತ್ರ ಬೆಂಕಿ ಬಿದ್ದಿತ್ತು. "ನಂದು ಹನ್ನೊಂದ ವರ್ಷದ ಮೊಳಕಾಲ, ಇನ್ನಾ ಪೈಪ್ ಹಿಡದೀನಿ. ಇಂವಗ ಮದಲ್ನೇ ಸಲಕ್ಕೇ ಫ್ಯಾನ್!" ಎಂದು ಕಣಗಿಲೆ ಗಿಡಕ್ಕೆ ಅವತ್ತು ನೀರು ಬಿಡಲಿಲ್ಲ.

ಮರುದಿನ ಲುಂಬಿನಿ ಶಾಲೆಗೆ ರಜೆ ಹಾಕಿ ಬಂದಳು. "ಕಾಕಾ, ನಮ್ಮಪ್ಪ ಕಾಲ ಕೊಯ್ಸಕೊಂಡಿದ್ದು ಯಾಕ ಅಂತ ಒಂದ್ ಮಾತ್ ಕೇಳಿದ್ರೇನು? ನಡೀಬೇಕಂತ ಕೊಯ್ಸಕೊಂಡಾನ. ನೀವು ಕುಂದ್ರಿಸಿಬಿಟ್ರಿ." ನನಗೆ ಸಿಟ್ಟು ಬಂತು. ಮಾಡಿದ ಉಪಕಾರಕ್ಕೆ ಬೈಸಿಕೊಳ್ಳುವುದು ಯಾರಿಗೆ ಇಷ್ಟ? ಅವಳು ಹೋದ ಮೇಲೆ ಇಡೀ ಮಧ್ಯಾಹ್ನ ದಶರಥನ ಕಡೆ ನೋಡಲಿಲ್ಲ.

ಆದರೂ ದಶರಥನ ಪರವಾಗಿ ಅರ್ಜಿ ಬರೆಯಬೇಕಾಯಿತು. ನನ್ನ ಮೊಣಕಾಲು ಸರಿಯಾಗಿದೆ, ದಯಮಾಡಿ ನನ್ನನ್ನು ಬಿಸಿಲಿಗೆ ಕಳಿಸಿ. ಇಂಥ ಅರ್ಜಿಯ ಮಾದರಿ ಆ ಇಲಿಯ ಕೋಣೆಯಲ್ಲೂ ಸಿಗಲಿಲ್ಲ. ಬೆಂಗಳೂರು ಕಡೆಯಿಂದ ಹೊಸದಾಗಿ ಬಂದಿದ್ದ ಇಂಜಿನಿಯರ್ ಸಾಹೇಬರು ಅದನ್ನು ಮೂರು ಸಲ ಓದಿದರು. ಆಮೇಲೆ ಬಾಗಿಲು ಹಾಕಿ ಬನ್ನಿ ಎಂದರು.

"ಉದಯಕುಮಾರ್, ಈ ಏಳು ಕಿಲೋಮೀಟರಿನಲ್ಲಿ ಏನಿದೆ? ನಿಜ ಹೇಳಿ. ಫ್ಯಾನ್ ಬಿಟ್ಟು ಬಿಸಿಲಿಗೆ ಹೋಗ್ತೀನಿ ಅನ್ನೋ ಮನುಷ್ಯನಿಗೆ ಅಲ್ಲಿ ಏನೋ ಸಿಗ್ತಾ ಇರಬೇಕು."

ಸಾಹೇಬರ ತಪ್ಪಲ್ಲ. ನಮ್ಮ ಕಡತಗಳನ್ನು ಓದಿದ ಯಾರಿಗಾದರೂ ಹಾಗೇ ಅನಿಸಬೇಕು. ಇಪ್ಪತ್ತೊಂಬತ್ತು ವರ್ಷ ನಾನು ಬರೆದು ತುಂಬಿದ ಕಾಗದವೆಲ್ಲ, ನಡೆಯಬಲ್ಲ ಮನುಷ್ಯ ಈ ಇಲಾಖೆಯಲ್ಲೇ ಇಲ್ಲ ಎಂದು ಸಾಕ್ಷಿ ಹೇಳುತ್ತಿತ್ತು. ಕೊನೆಗೆ ಪರೀಕ್ಷೆ ಗೊತ್ತಾಯಿತು. ದಶರಥ ಸಾಹೇಬರ ಎದುರಿಗೆ ತನ್ನ ಹಳಿಯನ್ನು ಪೂರ್ತಿ ನಡೆದು ತೋರಿಸಬೇಕು, ಗುಮಾಸ್ತ ಜೊತೆಗಿದ್ದು ಬರೆದುಕೊಳ್ಳಬೇಕು. ನಡೆಯಲಾರದೆ ಕೂತರೆ ಕುರ್ಚಿ ಕಾಯಂ, ಅರ್ಜಿ ಮತ್ತೆ ತೆಗೆದುಕೊಳ್ಳುವುದಿಲ್ಲ.

ಹಳಿಯ ಮೇಲೆ ತಳ್ಳುವ ಟ್ರಾಲಿಯಲ್ಲಿ ಸಾಹೇಬರು ಕೂತರು, ನಾಲ್ವರು ತಳ್ಳಿದರು. ಟ್ರಾಲಿಯಲ್ಲಿ ಅವರ ಛತ್ರಿ, ನೀರಿನ ಕ್ಯಾನು, ಟಿಫಿನ್ನು ಇದ್ದವು, ನನಗೆ ಜಾಗವಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ನಾನು ಮೊದಲ ಸಲ ಜಲ್ಲಿಯ ಮೇಲೆ ಕಾಲಿಟ್ಟೆ. ದಶರಥ ಮುಂದೆ ಮುಂದೆ ಹೋದ. ಪ್ರತಿ ಹೆಜ್ಜೆಗೂ ಎಡಕ್ಕೊಂದು ನೋಟ, ಬಲಕ್ಕೊಂದು ನೋಟ. ಸಡಿಲ ಕ್ಲಿಪ್ಪು ಕಂಡಲ್ಲಿ ನಿಂತು ಒಂದೇ ಏಟು. ಎರಡನೆಯ ಏಟು ಬೇಕಾದದ್ದನ್ನು ನಾನು ನೋಡಲಿಲ್ಲ. ಮೂರನೆಯ ಕಿಲೋಮೀಟರಿಗೆ ನನ್ನ ಬಲ ಮೊಣಕಾಲಿನಲ್ಲಿ ಏನೋ ಚುಚ್ಚಿದ ಹಾಗಾಯಿತು. ನಾಲ್ಕನೆಯದಕ್ಕೆ ನನ್ನ ಅರ್ಜಿಯ ಒಂದೊಂದೇ ಶಬ್ದ ನೆನಪಾಗತೊಡಗಿತು. ಬರೆದದ್ದು ಎಷ್ಟು ನಿಜ ಎಂದು ಲೇಖಕನಿಗೆ ಅವತ್ತು ತಿಳಿಯಿತು.

ಐದನೆಯ ಕಿಲೋಮೀಟರಿನಲ್ಲಿ ನಮ್ಮೂರು. ಟ್ರಾಲಿ ಹಿಂದೆ ಬಿದ್ದಿತ್ತು, ಅದು ಬರಲೆಂದು ನಿಂತೆವು. ಹಳಿ ಅಲ್ಲಿ ಎತ್ತರದಲ್ಲಿದೆ, ಕೆಳಗೆ ಊರಿನ ನಡು ಓಣಿ ಪೂರ್ತಿ ಕಾಣುತ್ತದೆ. ನಮ್ಮ ಮನೆಯ ಮುಂದಿನ ಶಹಾಬಾದಿ ಕಲ್ಲಿನ ಕಟ್ಟೆಯೂ ಕಂಡಿತು.

ನಾನು ನೋವಿಗೆ ಮುಖ ಕಿವುಚಿಕೊಂಡೇ ಕೇಳಿದೆ. "ದಶರಥ, ನಿನಗ ಇದರಾಗ ಏನ್ ಐತೋ? ಖರೇ ಹೇಳು."

ಅವನು ಸುತ್ತಿಗೆ ಕೆಳಗಿಟ್ಟ. "ಆ ಓಣಿ ನೋಡ್ರಿ. ನಮ್ಮಪ್ಪ ಅಲ್ಲಿಂದ ಚಪ್ಪಲಿ ಬಗಲಾಗ ಇಟ್ಕೊಂಡು ಹೋಗ್ತಿದ್ದ. ನಿಮ್ಮ ಕಟ್ಟಿ ದಾಟಿದ ಮ್ಯಾಲ ಹಾಕ್ಕೊಳ್ತಿದ್ದ. ನನಗ ನೌಕರಿ ಸಿಕ್ಕ ಮ್ಯಾಲನೂ ಹಂಗೇ. ಕಾಯ್ದಾ ಬಂದು ಎಷ್ಟೋ ವರ್ಷ ಆಗಿತ್ತು, ಅಂವನ ಕಾಲಿಗಿ ಗೊತ್ತಾಗಿರಲಿಲ್ಲ. ಒಂದ ದಿನ ಇಲ್ಲೇ, ನಿಂತೀವಲ್ಲ, ಇಲ್ಲೇ ಹಳಿ ಬಿರಕ ಬಿಟ್ಟಿತ್ತು. ಝಂಡಾ ಎತ್ತಿದೆ. ಎಕ್ಸ್‌ಪ್ರೆಸ್ ಗಾಡಿ ನಿಂತುಬಿಡ್ತು, ಊರ ಬೆನ್ನಿಗಿ, ಮುಕ್ಕಾಲ ತಾಸು. ಊರ ಮಂದೆಲ್ಲ ಬಂದು ಯಾರ್ ನಿಂದರಿಸ್ಯಾರ ಅಂತ ಕೇಳಾಕತ್ತಿದ್ರು. ದಶರಥ ನಿಂದರಿಸ್ಯಾನ ಅಂದ್ರು. ನಮ್ಮಪ್ಪನಿಗಿ ಸುದ್ದಿ ಮುಟ್ತು. ಓಡಿ ಬಂದ, ನಡುವ ಓಣ್ಯಾಗಿಂದ. ಬಾಬೂಜಿ, ಅವತ್ತ ಅಂವ ಚಪ್ಪಲಿ ಹಾಕ್ಕೊಂಡೇ ಬಂದಿದ್ದ. ಅಂವಗೂ ನೆನಪ ಇರಲಿಲ್ಲ."

ಅವನು ಬಗ್ಗಿ ಸುತ್ತಿಗೆ ಎತ್ತಿಕೊಂಡ.

"ಆ ಮ್ಯಾಲ ಸಾಯೋತನ ಆ ಓಣ್ಯಾಗ ಚಪ್ಪಲಿ ತೆಗಿಲಿಲ್ಲ. ನಾ ದಿನಾ ಇಲ್ಲಿ ಹಾಯೂದು ಕಟ್ಟಿ ಮ್ಯಾಲ ಕುಂತು ನೋಡ್ತಿದ್ದ. ನಿಮ್ಮ ಕಟ್ಟಿ ಮ್ಯಾಲ."

ಆ ಕಟ್ಟೆ ನನಗೆ ಚೆನ್ನಾಗಿ ಗೊತ್ತು. ನಮ್ಮ ಅಜ್ಜ ಅದರ ಮೇಲೆ ಕೂತು, ಬಿಸಿಲಲ್ಲಿ ಬರಿಗಾಲಲ್ಲಿ ಬಂದ ದಶರಥನ ಅಪ್ಪನಿಗೆ ನೆಲ ತೋರಿಸಿ "ಕುಂದ್ರೋ, ಆರಾಮ ಕುಂದ್ರು" ಎನ್ನುತ್ತಿದ್ದ. ಕೂತ ಮೇಲೆ ಎತ್ತರದಿಂದ ನೀರು ಹೊಯ್ಯುತ್ತಿದ್ದ. ಊರಿನಲ್ಲಿ ನಮ್ಮ ಅಜ್ಜನಿಗೆ ಭಾಳ ಒಳ್ಳೆಯವನೆಂದು ಹೆಸರಿತ್ತು. ಅವನಿಗೂ ಹಾಗೇ ಅನಿಸಿತ್ತು. ನನಗೆ ನಾಚಿಕೆಯಾಯಿತು, ಅಜ್ಜನಿಗಿಂತ ಹೆಚ್ಚು ನನ್ನ ಬಗ್ಗೆ.

ಉಳಿದ ದಾರಿಯನ್ನು ನಾನು ಕುಂಟುತ್ತ ಮುಗಿಸಿದೆ. ದಶರಥ ಎಲ್ಲಿಯೂ ಕೂರಲಿಲ್ಲ. ಸಾಹೇಬರು ಟ್ರಾಲಿಯಿಂದಿಳಿದು, "ಏನು ಸಿಕ್ಕಿತು ಇಲ್ಲಿ?" ಎಂದು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು. "ಇಪ್ಪತ್ತೆರಡು ಸಡಿಲ ಕ್ಲಿಪ್ಪು ಸರ್" ಎಂದೆ.

ವರದಿಯಲ್ಲಿ ನಾನು ಎರಡೇ ಸಾಲು ಬರೆದೆ. ದಶರಥ ನಡೆಯಬಲ್ಲ. ಹಗುರ ಕೆಲಸದ ಅರ್ಜಿ ಅವನು ಕೇಳಿದ್ದಲ್ಲ, ಅವನಿಗೆ ತಿಳಿಯದಂತೆ ನಾನೇ ಬರೆದು ಸಹಿ ಮಾಡಿಸಿಕೊಂಡದ್ದು. ಎರಡನೆಯ ಸಾಲಿಗೆ ನನಗೊಂದು ಮೆಮೊ ಬಂತು. ಮೊದಲನೆಯ ಸಾಲಿಗೆ ದಶರಥನ ಹಳಿ ದಶರಥನಿಗೆ ಬಂತು. ಖಾಲಿಯಾದ ಕುರ್ಚಿಯಲ್ಲಿ ಈಗ ಸಾಬಣ್ಣ ಇದ್ದಾನೆ. ಅವನ ಅರ್ಜಿಯನ್ನು ಅವನೇ ಬರೆದುಕೊಂಡ, ನಾನು ಆ ಕಸುಬು ಬಿಟ್ಟಿದ್ದೇನೆ.

ದಿನಾ ಬೆಳಿಗ್ಗೆ ದಶರಥ ಸುತ್ತಿಗೆ ಹೊತ್ತು ನಮ್ಮ ಕಿಟಕಿಯ ಮುಂದೆ ಹಾಯುತ್ತಾನೆ. ನಾನು ಎದ್ದು ನಿಲ್ಲುತ್ತೇನೆ. ಅವತ್ತಿನಿಂದ ನನ್ನ ಬಲ ಮೊಣಕಾಲು ನಿಜವಾಗಿಯೂ ನೋಯುತ್ತದೆ, ಏಳುವಾಗ ಮೇಜು ಹಿಡಿಯಬೇಕು. ಅವನಿಗೆ ಅದು ಗೊತ್ತು.

"ಕುಂದರ್ರಿ ಬಾಬೂಜಿ, ಆರಾಮ ಕುಂದರ್ರಿ" ಎನ್ನುತ್ತಾನೆ, ನಿಲ್ಲದೆ ಮುಂದೆ ಹೋಗುತ್ತಾನೆ.